ಹಾಯಿದೋಣಿಗೆ ಕರೆಂಟು: ಕಾರವಾರದ ಉಪ್ಪುಗಾಳಿಯಲ್ಲಿ ಯಾವುದು ಬಾಳುತ್ತದೆ?

ಮೊದಲ ಮಳೆಗಾಲ ಕಳೆದು ಮಡಲಿನ ಚಪ್ಪರದಡಿಯಿಂದ ದೋಣಿಯನ್ನು ಹೊರಗೆ ಎಳೆದಾಗ ಕೂವೆಯ, ಅಂದರೆ ಹಾಯಿ ಕಟ್ಟುವ ಕಂಬದ, ತುದಿಯ ದೀಪ ಹೊತ್ತಲಿಲ್ಲ. ಬಲ್ಬು ಸರಿಯಿತ್ತು, ಫ್ಯೂಸೂ ಸರಿಯಿತ್ತು. ಕೂವೆಯ ಬುಡದಲ್ಲಿ ವೈರಿನ ಜೋಡಣೆ ಬಿಚ್ಚಿ, ಬ್ಲೇಡಿನಿಂದ ಕೆಂಪು ಹೊದಿಕೆಯನ್ನು ಒಂದಿಂಚು ಸೀಳಿದೆ. ಒಳಗೆ ಮಸಿ ಬಳಿದಂಥ ಕಪ್ಪು ಎಳೆಗಳು, ಅವುಗಳ ನಡುವೆ ಹಸಿರು ಪುಡಿ. ಇನ್ನೊಂದಿಂಚು ಸೀಳಿದರೆ ಅಲ್ಲೂ ಅದೇ ಕಪ್ಪು. ಒಂದು ಗೇಣು ಸೀಳಿದ ಮೇಲೆ ತಾಮ್ರದ ಬಣ್ಣ ಕಾಣಿಸಿತು. ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ತಾಮ್ರದ ಹಂಡೆಗೆ ಕಿಲುಬು ಹಿಡಿದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ವೈರಿನೊಳಗಿನ ಕಿಲುಬಿಗೆ ಕೈ ಎಟುಕುವುದಿಲ್ಲ.

ಆ ವೈರು ಕಳಪೆಯದೇನೂ ಅಲ್ಲ. ಮನೆಗೆ ಹಾಕುವ ಒಳ್ಳೆಯ ಮಾಲು, ಗೋಡೆಯೊಳಗೆ ಇದ್ದಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತಿತ್ತು. ಆದರೆ ಇದು ಜೂನ್ ಬಂದರೆ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು. ಅದರ ಮೇಲೆ ಕಡಲ ಉಪ್ಪು. ಅಂದಿನಿಂದ ನನ್ನ ಲೆಕ್ಕವೇ ಬದಲಾಯಿತು. ಸ್ವಂತ ದೋಣಿ ಕಟ್ಟುತ್ತಿರುವವರು ಬಂದು ಕೇಳುವ ಮೊದಲ ಪ್ರಶ್ನೆ, ಬ್ಯಾಟರಿ ಯಾವುದು ಹಾಕಲಿ ಎಂದು. ನಾನು ವೈರು ಯಾವುದು ತಂದಿದ್ದೀರಿ ಎಂದು ಕೇಳುತ್ತೇನೆ. ದುಡ್ಡು ಸೀಮಿತವಾಗಿದ್ದರೆ ಮೊದಲು ವೈರಿಗೆ, ಆಮೇಲೆ ಜೋಡಣೆಗೆ, ಆಮೇಲೆ ಫ್ಯೂಸಿಗೆ, ಉಳಿದದ್ದು ಬ್ಯಾಟರಿಗೆ. ಬ್ಯಾಟರಿ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಬೇರೆ ಕೂರಿಸಬಹುದು. ವೈರು ಕೈಕೊಟ್ಟರೆ ದೋಣಿಯ ಒಳಗೋಡೆ ಬಿಚ್ಚಬೇಕು.

ನನ್ನ ದೋಣಿ ಕಾಳಿ ನದಿಯ ದಡದಲ್ಲಿ, ಸದಾಶಿವಗಡದ ಬದಿಯ ಶೆಡ್ಡಿನಲ್ಲಿ ಕಟ್ಟಿದ್ದು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್, ಮೇಲೆ ಎಪಾಕ್ಸಿ ಮತ್ತು ಗಾಜಿನ ಬಟ್ಟೆ. ಉದ್ದ 22 ಅಡಿ, ಹಿಂದೆ ಒಂದು ಚಿಕ್ಕ ಔಟ್‌ಬೋರ್ಡ್ ಎಂಜಿನ್ನು. ಅಕ್ಟೋಬರಿನಿಂದ ಮೇ ತನಕ ಕೂರ್ಮಗಡ, ದೇವಬಾಗ, ಒಮ್ಮೊಮ್ಮೆ ತದಡಿಯ ತನಕ ಹೋಗಿ ಒಂದೆರಡು ರಾತ್ರಿ ತಂಗಿ ಬರುವುದು. 18ರಿಂದ 28 ಅಡಿಯೊಳಗಿನ ಇಂಥ ದೋಣಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಬೇಕೇ, ಬೇಡವೇ, ಎಷ್ಟು ಬೇಕು

ಬೆಳಿಗ್ಗೆ ಹೊರಟು ಸೂರ್ಯ ಮುಳುಗುವ ಮೊದಲೇ ಅಳಿವೆ ದಾಟಿ ಒಳಗೆ ಬರುವವರಿಗೆ ಕಾಯಂ ವೈರಿಂಗು ಬೇಡವೇ ಬೇಡ. ಒಳ್ಳೆಯ ಟಾರ್ಚು, ಬ್ಯಾಟರಿ ಸೆಲ್ಲಿನ ಕಳಚುವ ದೀಪಗಳು, ನೀರು ತಾಗದ ಡಬ್ಬಿಯಲ್ಲಿ ಪವರ್ ಬ್ಯಾಂಕು, ಕೈಯಲ್ಲಿ ಹಿಡಿಯುವ ರೇಡಿಯೋ, ನೀರು ಎತ್ತಿ ಹಾಕಲು ಕೈಪಂಪು ಮತ್ತು ಬಕೆಟ್ಟು, ಅಷ್ಟೇ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 25ನೆಯದು, 7 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ಪೂರ್ತಿ ದೀಪ ಹಾಕಲು ಆಗದಿದ್ದರೆ ಬಿಳಿ ಬೆಳಕಿನ ಟಾರ್ಚನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಸಮಯಕ್ಕೆ ತೋರಿಸಬೇಕು ಎನ್ನುತ್ತದೆ. ನನ್ನ 22 ಅಡಿ ಅಂದರೆ 6.7 ಮೀಟರ್, ಆ ವಿನಾಯಿತಿಯೊಳಗೇ ಬರುತ್ತದೆ. ಆದರೂ ನಾನು ಅದನ್ನು ನೆಚ್ಚಿಕೊಂಡಿಲ್ಲ. ಸಂಜೆ ಬೈತಖೋಲ ಬಂದರಿಗೆ ಸಾಲುಗಟ್ಟಿ ಮರಳುವ ಟ್ರಾಲ್ ಬೋಟುಗಳ ಎದುರಿಗೆ ಟಾರ್ಚು ಹುಡುಕುತ್ತ ಕೂರುವುದು ಸಾಧ್ಯವಿಲ್ಲ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿ ಹಗ್ಗ, ಮೂರನೆಯ ಕೈ ಎಲ್ಲಿಂದ ತರುವುದು?

ರಾತ್ರಿ ತಂಗುವ ದೋಣಿಗೆ ಕಾಯಂ ವೈರಿಂಗು ಬೇಕು, ಆದರೆ ಎಷ್ಟು ಎಂಬುದನ್ನು ಕಾಗದದ ಮೇಲೆ ಕೂಡಿ ನೋಡಿ. ನನ್ನ ದೋಣಿಯ ಒಂದು ದಿನದ ಖರ್ಚು ಹೀಗಿದೆ. ಲಂಗರು ದೀಪ 2 ವ್ಯಾಟಿನ ಎಲ್‌ಇಡಿ, ರಾತ್ರಿಯಿಡೀ ಉರಿದರೆ 2 ಆಂಪಿಯರ್-ಗಂಟೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು). ಒಳಗಿನ ಎರಡು ದೀಪ ಮೂರು ಗಂಟೆಗೆ ಒಂದೂವರೆ. ವಿಎಚ್‌ಎಫ್ ರೇಡಿಯೋ (ದೋಣಿಗಳ ನಡುವೆ ಮಾತಾಡುವುದು) ಕೇಳುತ್ತ ಇಟ್ಟರೆ ಗಂಟೆಗೆ ಅರ್ಧ ಆಂಪಿಯರಿಗೂ ಕಮ್ಮಿ. ಮಾತಾಡುವಾಗ ಮಾತ್ರ ಐದಾರು ಆಂಪಿಯರ್ ಎಳೆಯುತ್ತದೆ, ಒಟ್ಟು ನಾಲ್ಕೂವರೆ ಅನ್ನಿ. ಜಿಪಿಎಸ್ ಮತ್ತು ಆಳ ಅಳೆಯುವ ಯಂತ್ರ ಸೇರಿ ಐದು. ಎರಡು ಫೋನು ಎರಡೂವರೆ. ಏಪ್ರಿಲ್-ಮೇ ಸೆಕೆಗೆ ಚಿಕ್ಕ ಫ್ಯಾನು ನಾಲ್ಕು. ತಳದ ನೀರೆತ್ತುವ ಪಂಪು ಮುಕ್ಕಾಲು. ಎಲ್ಲ ಸೇರಿ 20ರ ಆಸುಪಾಸು. ಇಷ್ಟಕ್ಕೆ 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿ, 100 ವ್ಯಾಟಿನ ಒಂದು ಸೋಲಾರ್ ಫಲಕ ಧಾರಾಳ.

ಫ್ರಿಜ್ಜು ಸೇರಿಸಿದರೆ ಈ ಲೆಕ್ಕ ಒಮ್ಮೆಲೇ ಎರಡು ಮೂರು ಪಟ್ಟು ಏರುತ್ತದೆ. ಥರ್ಮಾಕೋಲ್ ಪೆಟ್ಟಿಗೆ, ಮೇಲೆ ಗೋಣಿಚೀಲ, ಬಂದರಿನ ಐಸು: ಎರಡು ರಾತ್ರಿಗೆ ಇದಕ್ಕಿಂತ ಒಳ್ಳೆಯ ಫ್ರಿಜ್ಜು ಬೇಡ. ಇನ್ವರ್ಟರ್ ಇಟ್ಟು 230 ವೋಲ್ಟ್ ಎಳೆಯುವ ಯೋಚನೆಯಿದ್ದರೆ ಬಿಡಿ. ಒದ್ದೆ ಕಾಲಿನಲ್ಲಿ ಓಡಾಡುವ ಜಾಗದಲ್ಲಿ ಅದು ಜೀವಕ್ಕೆ ಅಪಾಯ, ಮತ್ತು ನಮ್ಮ ಅಗತ್ಯ ಯಾವುದಕ್ಕೂ ಅದು ಬೇಕಿಲ್ಲ. 12 ವೋಲ್ಟೋ 24 ವೋಲ್ಟೋ ಎಂದರೆ 12. ದೊಡ್ಡ ಮೀನುಗಾರಿಕೆ ಬೋಟುಗಳಿಗೆ ಲಾರಿಯ ಹಾಗೆ 24 ಸರಿಹೋಗುತ್ತದೆ, ಚಿಕ್ಕ ದೋಣಿಯ ರೇಡಿಯೋ, ಪಂಪು, ಔಟ್‌ಬೋರ್ಡಿನ ಚಾರ್ಜಿಂಗು ಎಲ್ಲ 12ರಲ್ಲೇ ಬರುತ್ತವೆ.

ವೈರು

ನಮಗೆ ಸಿಗುವವು ನಾಲ್ಕು ಬಗೆ. ಮನೆ ವೈರು, ವಾಹನದ ವೈರು, ಸೋಲಾರ್ ಡಿಸಿ ಕೇಬಲ್ಲು, ಮತ್ತು ದೋಣಿಗೆಂದೇ ತಯಾರಾಗುವ ತವರ ಲೇಪಿಸಿದ ಮರೈನ್ ವೈರು.

ಮೊದಲೆರಡರಲ್ಲಿ ಇರುವುದು ಬರಿಯ ತಾಮ್ರ. ಉಪ್ಪಿನ ತೇವ ಎಳೆಗಳ ನಡುವಿನ ಸಂದಿಯಲ್ಲಿ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ತುದಿಯಿಂದ ಒಳಕ್ಕೆ ಏರುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ವೈರು ಹೊಸದರ ಹಾಗೇ ಇರುತ್ತದೆ. ಮೀಟರ್ ಇಟ್ಟರೆ 12 ವೋಲ್ಟ್ ತೋರಿಸಲೂಬಹುದು, ಏಕೆಂದರೆ ಮೀಟರ್ ಹೆಚ್ಚುಕಮ್ಮಿ ಕರೆಂಟು ಎಳೆಯುವುದೇ ಇಲ್ಲ. ಪಂಪು ಹಾಕಿದಾಗಲೇ ಬಣ್ಣ ಬಯಲಾಗುವುದು. ಅದಕ್ಕೇ ವೈರನ್ನು ಪರೀಕ್ಷೆ ಮಾಡುವಾಗ ಯಾವಾಗಲೂ ಲೋಡು ಹಾಕಿ ನೋಡಬೇಕು. ಒಂದು ಹಳೆಯ ವಾಹನದ ಹೆಡ್‌ಲೈಟ್ ಬಲ್ಬು ಜೊತೆಗಿದ್ದರೆ ಸಾಕು.

ಮರೈನ್ ವೈರಿನಲ್ಲಿ ಪ್ರತಿ ಎಳೆಗೂ ತವರದ ಕಲಾಯಿ ಇರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಏಕೆ ಹಾಕಿಸುತ್ತಿದ್ದೆವೋ ಇಲ್ಲೂ ಬಹುಪಾಲು ಅದೇ ಕಾರಣ. ನಿಸ್ಸಂಶಯವಾಗಿ ಇದೇ ಉತ್ತಮ. ತೊಂದರೆ ಏನೆಂದರೆ ಇದು ಅಂಕೋಲೆಯಲ್ಲೋ ಕುಮಟೆಯಲ್ಲೋ ಅಂಗಡಿಗೆ ಹೋಗಿ ಮೀಟರ್ ಲೆಕ್ಕದಲ್ಲಿ ಕೊಯ್ಸಿಕೊಂಡು ಬರುವ ಮಾಲಲ್ಲ. ತರಿಸಬೇಕು, ಕಾಯಬೇಕು, ಬೆಲೆಯೂ ಹೆಚ್ಚು.

ಇಲ್ಲಿಯೇ ಮೂರನೆಯದು ನಮ್ಮ ಕೈ ಹಿಡಿಯುತ್ತದೆ. ಮನೆಗಳ ಮೇಲೆ ಸೋಲಾರ್ ಹಾಕುವುದು ಶುರುವಾದ ಮೇಲೆ ಆ ಫಲಕಗಳಿಗೆ ಬಳಸುವ ಡಿಸಿ ಕೇಬಲ್ಲು ಹುಬ್ಬಳ್ಳಿಯಂಥ ಊರಿನಲ್ಲಿ ಸಲೀಸಾಗಿ ಸಿಗುತ್ತದೆ. ಅದರ ಒಳಗಿರುವುದೂ ಕಲಾಯಿ ಹಾಕಿದ ತಾಮ್ರವೇ, ಸಣ್ಣ ಸಣ್ಣ ಎಳೆಗಳದ್ದು. ಹೊರಗೆ ಎರಡು ಪದರದ ಹೊದಿಕೆ, ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೂ ಸೀಳುವುದಿಲ್ಲ. ಕೊಳ್ಳುವಾಗ ತುದಿ ಸುಲಿಸಿ ನೋಡಿ: ಎಳೆ ಬೆಳ್ಳಿಯ ಬಣ್ಣಕ್ಕಿರಬೇಕು, ಕತ್ತರಿಸಿದ ಬಾಯಿಯಲ್ಲಿ ಮಾತ್ರ ಕೆಂಪು ಕಾಣಬೇಕು. ಪೂರ್ತಿ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ, ಮುಟ್ಟಬೇಡಿ. ದೋಷವೆಂದರೆ ಇದು ದಪ್ಪ ಮತ್ತು ಸೆಡೆತ. ಅಂಗಡಿಯಲ್ಲಿ ಸಾಮಾನ್ಯವಾಗಿ ಇಡುವುದು ನಾಲ್ಕು ಮತ್ತು ಆರು ಸ್ಕ್ವೇರ್ (ಸ್ಕ್ವೇರ್ ಮಿಲಿಮೀಟರ್) ದಪ್ಪದ್ದು, ಎರಡೂವರೆ ಬೇಕೆಂದರೆ ಕೇಳಿ ತರಿಸಬೇಕು. ಚಿಕ್ಕ ದೀಪದ ಸ್ವಿಚ್ಚಿನೊಳಗೆ ತುರುಕಲು ಬರುವುದಿಲ್ಲ.

ಹಾಗಾಗಿ ನಾನು ಮಾಡಿದ್ದು ಮಿಶ್ರ. ಬ್ಯಾಟರಿಯಿಂದ ಸ್ವಿಚ್ ಪ್ಯಾನೆಲ್ಲಿಗೆ, ಪಂಪಿಗೆ, ಕೂವೆಯೊಳಗೆ, ಸೋಲಾರಿಗೆ ಈ ಡಿಸಿ ಕೇಬಲ್ಲು. ಒಳಗಿನ ಪುಟ್ಟ ದೀಪಗಳಿಗೆ ತರಿಸಿದ ಮರೈನ್ ವೈರು. ಈ ಎರಡನೆಯ ಸಲದ ವೈರಿಂಗು ಇವತ್ತಿಗೂ ಕಪ್ಪಾಗಿಲ್ಲ.

ದಪ್ಪ ಎಷ್ಟಿರಬೇಕು ಎಂಬುದಕ್ಕೆ ಒಂದು ಸೂತ್ರ ನೆನಪಿಟ್ಟುಕೊಳ್ಳಿ. ಹೋಗಿ ಬರುವ ಎರಡೂ ದಾರಿಯ ಉದ್ದ ಮೀಟರಿನಲ್ಲಿ, ಅದನ್ನು ಆಂಪಿಯರಿನಿಂದ ಗುಣಿಸಿ, 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಮಿಲಿಮೀಟರಿನಿಂದ ಭಾಗಿಸಿ. ಬಂದದ್ದು ದಾರಿಯಲ್ಲಿ ಸೋರುವ ವೋಲ್ಟು. ನನ್ನ ಪಂಪು 5 ಆಂಪಿಯರ್ ಎಳೆಯುತ್ತದೆ, ಬ್ಯಾಟರಿಯಿಂದ 6 ಮೀಟರ್ ದೂರ, ಅಂದರೆ ಹೋಗಿ ಬಂದು 12. ಒಂದೂವರೆ ಸ್ಕ್ವೇರ್ ಹಾಕಿದರೆ 0.7 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಎರಡೂವರೆಗೆ 0.42, ನಾಲ್ಕಕ್ಕೆ 0.26. ಪಂಪು, ರೇಡಿಯೋ, ಸಂಚಾರದ ದೀಪ ಇಂಥವಕ್ಕೆ ಶೇಕಡಾ 3ರೊಳಗೆ ಸೋರಿಕೆ ಇರಬೇಕು, 12 ವೋಲ್ಟಿಗೆ ಅದು 0.36. ಮನೆಯಲ್ಲಿ ಐದು ಆಂಪಿಯರಿಗೆ ಯಾರೂ ನಾಲ್ಕು ಸ್ಕ್ವೇರ್ ಹಾಕುವುದಿಲ್ಲ, ಎಲೆಕ್ಟ್ರಿಷಿಯನ್ ನಿಮ್ಮನ್ನು ವಿಚಿತ್ರವಾಗಿ ನೋಡಬಹುದು. 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಗೊತ್ತೂ ಆಗುವುದಿಲ್ಲ, 12ರಲ್ಲಿ ಅದೇ ದೊಡ್ಡ ಪಾಲು.

ಬೆಸುಗೆಯೋ, ಕ್ರಿಂಪೋ

ರೇಡಿಯೋ ರಿಪೇರಿ ಮಾಡಿ ಬೆಳೆದ ಕೈಗೆ, ವೈರಿನ ತುದಿಗೆ ಲೋಹದ ತುಂಡನ್ನು ಒತ್ತಿ ಬಿಗಿಯುವ ಕ್ರಿಂಪಿಗಿಂತ ಬೆಸುಗೆಯೇ ಗಟ್ಟಿ ಅನ್ನಿಸುತ್ತದೆ. ನನಗೂ ಹಾಗೇ ಇತ್ತು. ಆದರೆ ಬೆಸುಗೆಯ ಸೀಸ ಎಳೆಗಳ ನಡುವೆ ಮೇಲೇರಿ, ಎಲ್ಲಿ ನಿಲ್ಲುತ್ತದೋ ಅಲ್ಲಿಯ ತನಕ ವೈರು ಕಡ್ಡಿಯ ಹಾಗೆ ಗಡಸಾಗುತ್ತದೆ. ದೋಣಿ ಅಲುಗಾಡುತ್ತಲೇ ಇರುತ್ತದೆ, ಎಂಜಿನ್ನು ನಡುಗಿಸುತ್ತದೆ. ಆ ಗಡಸು ಮುಗಿಯುವ ಗೆರೆಯಲ್ಲೇ ಒಂದು ದಿನ ಕಡಿಯುತ್ತದೆ. ರ‍್ಯಾಚೆಟ್ ಇರುವ ಒಳ್ಳೆಯ ಕ್ರಿಂಪಿಂಗ್ ಇಕ್ಕಳ, ಲಗ್ಗು ಎಂಬ ಆ ಕಲಾಯಿ ಹಾಕಿದ ತುಂಡು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ: ಈ ಮೂರೂ ಸೇರಿದರೆ ಮಾತ್ರ ಜೋಡಣೆ. ಬಿಸಿ ಮಾಡಿದಾಗ ಕೊಳವೆಯ ಎರಡೂ ಬಾಯಿಯಿಂದ ಅಂಟು ಜೇನಿನ ಹನಿಯ ಹಾಗೆ ಇಣುಕಬೇಕು, ಆಗಲೇ ನೀರು ಒಳಗೆ ಹೋಗದು ಎಂದು ಧೈರ್ಯ. ಕ್ರಿಂಪ್ ಮಾಡಿದ ಪ್ರತಿಯೊಂದನ್ನೂ ಜೋರಾಗಿ ಜಗ್ಗಿ ನೋಡಿ. ಕಿತ್ತು ಬಂದರೆ ಶೆಡ್ಡಿನಲ್ಲೇ ಬರಲಿ.

ಇನ್ಸುಲೇಷನ್ ಟೇಪಿನ ವಿಷಯ ಹೇಳಲೇಬೇಕು. ಮೊದಲ ವರ್ಷ, ನೀರು ಏರಿದಾಗ ಪಂಪನ್ನು ತಾನೇ ಹಾಕುವ ಫ್ಲೋಟ್ ಸ್ವಿಚ್ಚಿನ ವೈರನ್ನು ಹುರಿ ಮಾಡಿ ಟೇಪು ಸುತ್ತಿದ್ದೆ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಸುರುಳಿ ತಾನಾಗಿ ಬಿಚ್ಚಿಕೊಂಡಿತ್ತು. ದೇವಬಾಗದ ಎದುರು ಲಂಗರು ಹಾಕಿ ಮಲಗಿದ್ದ ರಾತ್ರಿ ಕಾಲು ಕೆಳಗಿಟ್ಟಾಗ ಪಾದ ಮುಳುಗುವಷ್ಟು ನೀರು. ಸೋರಿಕೆ ಚಿಕ್ಕದು, ಬಕೆಟ್ಟಿನಿಂದ ಖಾಲಿ ಮಾಡಿದೆವು. ಆದರೆ ಟಾರ್ಚಿನ ಬೆಳಕಿನಲ್ಲಿ ಆ ಹಸಿರು ತುದಿಗಳು ಬೇರೆ ಬೇರೆಯಾಗಿ ತೇಲುತ್ತಿದ್ದುದನ್ನು ನೋಡಿದ ಮೇಲೆ ನಾನು ದೋಣಿಗೆ ಟೇಪು ತಂದಿಲ್ಲ.

ಅದೇ ಪಂಪಿನ ಬಗ್ಗೆ ಇನ್ನೊಂದು ಆಯ್ಕೆ. ಮುಖ್ಯ ಸ್ವಿಚ್ಚಿನ ಮೂಲಕ ಕೊಡುವುದೋ, ನೇರವಾಗಿ ಬ್ಯಾಟರಿಯಿಂದಲೋ? ನೇರವಾಗಿ, ಅದರದೇ ಫ್ಯೂಸಿನೊಂದಿಗೆ. ಮುಖ್ಯ ಸ್ವಿಚ್ಚು ಆರಿಸಿ ಮನೆಗೆ ಬಂದಾಗಲೂ ಪಂಪು ಎಚ್ಚರವಿರಬೇಕು. ಜೋಡಣೆಯನ್ನು ನೀರು ನಿಲ್ಲುವ ಮಟ್ಟಕ್ಕಿಂತ ಎಷ್ಟು ಮೇಲೆ ಒಯ್ಯಲು ಆಗುತ್ತದೋ ಅಷ್ಟು ಮೇಲೆ ಒಯ್ಯಿರಿ.

ಬ್ಯಾಟರಿ

ಕಾರವಾರದಲ್ಲಿ ಹೆಚ್ಚುಕಮ್ಮಿ ಪ್ರತಿ ಮನೆಯ ಮೂಲೆಯಲ್ಲೂ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಇರುತ್ತದೆ. ಅದನ್ನೇ ದೋಣಿಗಿಟ್ಟರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಮನೆಗೆ ಅದು ಅತ್ಯುತ್ತಮ. ಆದರೆ ಹಾಯಿದೋಣಿ ಗಾಳಿಗೆ 20-25 ಡಿಗ್ರಿ ವಾಲಿ ಓಡುತ್ತದೆ, ಆಗ ಆ ಎತ್ತರದ ಬ್ಯಾಟರಿಯ ಮುಚ್ಚಳದಿಂದ ಆಮ್ಲ ಸೋರುತ್ತದೆ. ಆಮ್ಲಕ್ಕೆ ಸಮುದ್ರದ ನೀರು ಸೇರಿ, ಮೇಲಿಂದ ಚಾರ್ಜಿಂಗೂ ನಡೆದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಅದು ಪ್ರಾಣಾಂತಿಕ. ನೀರು ಹಾಕುವ ಬ್ಯಾಟರಿ ಯಾವುದೂ ಬೇಡ.

ಉಳಿದದ್ದು ಎರಡು. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟ ಎಜಿಎಂ ಒಂದು, ಲಿಥಿಯಂ ಐರನ್ ಫಾಸ್ಫೇಟ್ ಇನ್ನೊಂದು. ಹಳೆಯ ವಿದ್ಯುತ್ ಸ್ಕೂಟರಿನಿಂದ ತೆಗೆದ ಲಿಥಿಯಂ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ ಎಂದು ತರಬೇಡಿ. ಅವುಗಳಲ್ಲಿ ಬಹಳಷ್ಟು ಬೇರೆ ರಸಾಯನದವು, ಕೆಟ್ಟರೆ ಬೆಂಕಿ ಹಿಡಿಯುವ ಸಂಭವ ಹೆಚ್ಚು. ನೀರಿನ ನಡುವೆ ಬೆಂಕಿಗೆ ಓಡಿಹೋಗಲು ಜಾಗವಿಲ್ಲ.

ಎಜಿಎಂ 100 ಆಂಪಿಯರ್-ಗಂಟೆಯದು 30 ಕಿಲೋ ಆಸುಪಾಸು ತೂಗುತ್ತದೆ. ಅರ್ಧಕ್ಕಿಂತ ಕೆಳಗೆ ಖಾಲಿ ಮಾಡುತ್ತಿದ್ದರೆ ಆಯುಸ್ಸು ಬೇಗ ಕುಗ್ಗುತ್ತದೆ, ಅಂದರೆ ಕೈಗೆ ಸಿಗುವುದು 50. ಅದೇ ಅಳತೆಯ ಲಿಥಿಯಂ 11-13 ಕಿಲೋ, ಶೇಕಡಾ 80 ಧೈರ್ಯವಾಗಿ ಬಳಸಬಹುದು, ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ತಡೆಯುತ್ತದೆ. ಕಾಗದದ ಮೇಲೆ ಲಿಥಿಯಂ ಗೆದ್ದಾಯಿತು.

ಆದರೆ ಚಿಕ್ಕ ದೋಣಿಗೆ ನಾನು ಈಗಲೂ ಎಜಿಎಂ ಪಕ್ಷ. ಕಾರಣ ಹೇಳುತ್ತೇನೆ. ಎಜಿಎಂ ಎಷ್ಟು ತುಂಬಿದೆ ಎಂಬುದನ್ನು ಅಗ್ಗದ ಮೀಟರೇ ಹೇಳುತ್ತದೆ: ಒಂದೆರಡು ಗಂಟೆ ಸುಮ್ಮನೆ ಬಿಟ್ಟು ನೋಡಿದಾಗ 12.7ರ ಮೇಲಿದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ. ಲಿಥಿಯಂ ಬಹುಪಾಲು ಹೊತ್ತು 13.2ರ ಹತ್ತಿರವೇ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಒಳಹರಿವು ಹೊರಹರಿವು ಎಣಿಸುವ ಬೇರೆಯೇ ಮಾನಿಟರ್ ಬೇಕು. ಲಿಥಿಯಂನೊಳಗಿನ ಬಿಎಂಎಸ್ ಎಂಬ ಕಾವಲುಗಾರ ಏನಾದರೂ ಹೆಚ್ಚುಕಮ್ಮಿ ಕಂಡರೆ ತಟ್ಟನೆ ಸಂಪರ್ಕ ಕಡಿಯುತ್ತದೆ. ಬ್ಯಾಟರಿಗೆ ಅದು ಒಳ್ಳೆಯದೇ. ಆದರೆ ಎಂಜಿನ್ನು ಚಾರ್ಜ್ ಮಾಡುತ್ತಿರುವಾಗ ಹಾಗಾದರೆ ವೋಲ್ಟೇಜು ಜಿಗಿದು ರೇಡಿಯೋ, ಜಿಪಿಎಸ್ ಸುಡಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಪರಿಹಾರ, ಆದರೆ ಅದು ಇನ್ನೊಂದು ಪೆಟ್ಟಿಗೆ, ಇನ್ನಷ್ಟು ಜೋಡಣೆ. ತೂಕದ ಮಾತು ಬಂದರೆ, ನನ್ನ ದೋಣಿಯ ತಳದಲ್ಲಿ ಹೇಗೂ ಭಾರ ಇಡಲೇಬೇಕು. ಬ್ಯಾಟರಿಯ 30 ಕಿಲೋ ಅಲ್ಲೇ ಉಪಯೋಗಕ್ಕೆ ಬಂತು.

ತೆಳ್ಳಗಿನ ಹಗುರ ದೋಣಿ, ಎರಡು ಒಡಲಿನ ಕ್ಯಾಟಮರಾನ್, ವಾರಗಟ್ಟಲೆ ಪ್ರಯಾಣ, ಅಥವಾ ಫ್ರಿಜ್ಜು ಬೇಕೇ ಬೇಕು ಎನ್ನುವ ಮನೆಯವರು, ಇವರಿಗೆ ಲಿಥಿಯಂ ಸರಿ. ಆಗ ಬಿಎಂಎಸ್ ಯಾವುದು, ಎಷ್ಟು ಆಂಪಿಯರಿನದು ಎಂದು ಬರೆದುಕೊಡುವ ಮಾರಾಟಗಾರನ ಹತ್ತಿರವೇ ಕೊಳ್ಳಿ.

ಮಳೆಗಾಲದಲ್ಲಿ ಎರಡರ ನಡತೆಯೂ ಬೇರೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ, ನಮ್ಮ ಹಾಯಿದೋಣಿಗಳಿಗಂತೂ ನಾಲ್ಕು ತಿಂಗಳು ರಜೆ. ಎಜಿಎಂ ಅನ್ನು ಅರೆ ಖಾಲಿಯಾಗಿ ದೋಣಿಯಲ್ಲೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅಕ್ಟೋಬರಿಗೆ ಅದು ಕಲ್ಲು. ಮನೆಗೆ ತಂದು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಬೇಕು. ಲಿಥಿಯಂ ಆದರೆ ಅರ್ಧ ತುಂಬಿಸಿ, ವೈರು ಕಳಚಿ, ಒಣ ಜಾಗದಲ್ಲಿಟ್ಟು ಮರೆತುಬಿಡಬಹುದು.

ಫ್ಯೂಸು

ಮನೆಯ ಎಂಸಿಬಿ ಕಳಚಿ ತಂದು ದೋಣಿಗೆ ಹಾಕಬೇಡಿ. ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನೇ ಆರುತ್ತದೆ. ಬ್ಯಾಟರಿಯದು ಹಾಗಲ್ಲ, ಒಂದೇ ಸಮ ಹರಿಯುತ್ತದೆ, ಕಿಡಿ ಎಳೆದುಕೊಂಡು ಉರಿಯುತ್ತದೆ. ಡಿಸಿ ಎಂದು ಬರೆದ ಬ್ರೇಕರ್ ಅಥವಾ ವಾಹನದ ಬ್ಲೇಡ್ ಫ್ಯೂಸು ಸಾಕು. ನನಗೆ ಬ್ಲೇಡ್ ಫ್ಯೂಸೇ ಇಷ್ಟ, ಗ್ಯಾರೇಜು ಇರುವ ಊರಲ್ಲೆಲ್ಲ ಸಿಗುತ್ತದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸು ಇರಬೇಕು. ಅದಕ್ಕೂ ಬ್ಯಾಟರಿಗೂ ನಡುವಿನ ವೈರಿಗೆ ಯಾವ ರಕ್ಷಣೆಯೂ ಇಲ್ಲವಲ್ಲ. ಲಿಥಿಯಂಗೆ ಕ್ಲಾಸ್ ಟಿ ಎಂಬ ಬಗೆಯದೇ ಬೇಕು, ಶಾರ್ಟ್ ಆದಾಗ ಅದರಿಂದ ಚಿಮ್ಮುವ ಕರೆಂಟನ್ನು ಸಾಮಾನ್ಯ ಫ್ಯೂಸು ಕಡಿಯಲಾರದು.

ಸೋಲಾರ್

ಬಾಗುವ ತೆಳು ಫಲಕ ಡೆಕ್ಕಿನ ಮೇಲೆ ಅಂಟಿಸಲು ಚೆಂದ, ತುಳಿದರೂ ಆದೀತು ಎನ್ನುತ್ತಾರೆ. ಆದರೆ ಅಡಿಯಲ್ಲಿ ಗಾಳಿಯಿಲ್ಲದೆ ನಮ್ಮ ಮಾರ್ಚ್ ಬಿಸಿಲಿಗೆ ಕಾದು ಬೇಗ ಸೊರಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಫಲಕವನ್ನು ಹಿಂಬದಿಯ ಕಂಬಿಯ ಮೇಲೆ, ಕೆಳಗೆ ಗಾಳಿ ಆಡುವಂತೆ ಕೂರಿಸಿ. ಹಾಯಿಯ, ಕೂವೆಯ ನೆರಳು ಒಂದು ಮೂಲೆಗೆ ಬಿದ್ದರೂ ಫಲಕದ ಇಳುವರಿ ಅರ್ಧಕ್ಕೂ ಕೆಳಗೆ ಬೀಳಬಹುದು, ಜಾಗ ನೋಡಿ ಹಾಕಿ. ಒಳ್ಳೆಯ ಬಿಸಿಲಿನ ದಿನ 100 ವ್ಯಾಟಿನ ಫಲಕದಿಂದ 25-27 ಆಂಪಿಯರ್-ಗಂಟೆ ಬರುತ್ತದೆ, ನಮ್ಮ 20ಕ್ಕೆ ಸರಿಯಾಯಿತು.

ಫಲಕಕ್ಕೂ ಬ್ಯಾಟರಿಗೂ ನಡುವಿನ ಕಂಟ್ರೋಲರಿನಲ್ಲಿ, ಫಲಕದ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಂತೆ ಬದಲಿಸಿ ಕೊಡುವ ಎಂಪಿಪಿಟಿಯೇ ಮೇಲು ಎಂದು ಎಲ್ಲ ಕಡೆ ಓದುತ್ತೇವೆ. ಚಳಿಯ ದೇಶದಲ್ಲಿ ಅದರ ಲಾಭ ಹೆಚ್ಚು. ಫಲಕ ಕಾದಷ್ಟೂ ಅದರ ವೋಲ್ಟೇಜು ಬ್ಯಾಟರಿಯ ಹತ್ತಿರಕ್ಕೆ ಇಳಿಯುತ್ತದೆ, ಎಂಪಿಪಿಟಿಗೆ ಉಳಿಸಲು ಸಿಗುವ ಅಂತರವೇ ಕಿರಿದಾಗುತ್ತದೆ. ಒಂದೇ ಒಂದು 100 ವ್ಯಾಟಿನ 12 ವೋಲ್ಟ್ ಫಲಕಕ್ಕೆ ಹಾಗೆ ಬದಲಿಸದ ಸರಳ ಬಗೆಯ ಒಳ್ಳೆಯ ಪಿಡಬ್ಲ್ಯೂಎಂ ಕಂಟ್ರೋಲರ್ ಸಾಕು. ಮನೆಯ ಮೇಲೆ ಹಾಕುವ 30 ವೋಲ್ಟಿನ ದೊಡ್ಡ ಫಲಕ ತಂದರೆ ಮಾತ್ರ ಎಂಪಿಪಿಟಿ ಇಲ್ಲದೆ ಆಗದು.

ದೀಪ

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಇವನ್ನು ಮೂರು ಬೇರೆ ದೀಪವಾಗಿ ಡೆಕ್ಕಿನ ಮಟ್ಟದಲ್ಲಿ ಹಾಕಬಹುದು. 20 ಮೀಟರಿಗಿಂತ ಚಿಕ್ಕ ಹಾಯಿದೋಣಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿ ಕೂವೆಯ ತುದಿಯಲ್ಲೂ ಇಡಬಹುದು. ತುದಿಯದು ದೂರಕ್ಕೆ ಕಾಣುತ್ತದೆ, ಅಲೆ ಮರೆಮಾಡುವುದಿಲ್ಲ, ಒಂದೇ ಬಲ್ಬು. ತೆರೆದ ಕಡಲಿಗೆ ಅದೇ ಒಳ್ಳೆಯದು. ಅಳಿವೆಯ ಹತ್ತಿರ ಅಲ್ಲ. ಕೋಡಿಬಾಗದ ದಡದ ದೀಪಗಳು, ಹೆದ್ದಾರಿಯ ವಾಹನಗಳು, ಅವುಗಳ ನಡುವೆ ಮೇಲೆಲ್ಲೋ ಒಂದು ಕೆಂಪು ಚುಕ್ಕಿ ತೇಲುತ್ತಿದ್ದರೆ ಪಕ್ಕದ ಬೋಟಿನವನು ದೋಣಿ ಎಂದು ಊಹಿಸುವುದಿಲ್ಲ, ಅವನ ಕಣ್ಣು ನೀರಿನ ಮಟ್ಟದಲ್ಲಿರುತ್ತದೆ. ಜೊತೆಗೆ ಎಂಜಿನ್ನು ಹಾಕಿದ ಕ್ಷಣ ನೀವು ನಿಯಮದ ಪ್ರಕಾರ ಯಂತ್ರದ ದೋಣಿ, ತುದಿಯ ಮೂರು ಬಣ್ಣದ ದೀಪ ಆರಿಸಲೇಬೇಕು. ಅಳಿವೆ ದಾಟುವಾಗ ನಾವೆಲ್ಲ ಎಂಜಿನ್ನು ಹಾಕುವವರೇ. ಒಂದನ್ನೇ ಆರಿಸಬೇಕಿದ್ದರೆ ಡೆಕ್ಕಿನ ದೀಪ, ಜೊತೆಗೆ ಎಂಜಿನ್ನು ಓಡುವಾಗ ಹೊತ್ತಿಸಲು ಕೂವೆಯ ತುದಿಯಲ್ಲಿ ಸುತ್ತಲೂ ಕಾಣುವ ಬಿಳಿ ದೀಪ. ಅದೇ ಲಂಗರು ದೀಪವೂ ಆಗುತ್ತದೆ.

ಎಲ್‌ಇಡಿ ದೀಪವನ್ನು ಇಡಿಯಾಗಿ ಕೊಳ್ಳಿ. ಹಳೆಯ ಹಸಿರು ಗಾಜಿನೊಳಗೆ ಬಿಳಿ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಬಣ್ಣ ನೀಲಿಗೆ ತಿರುಗುತ್ತದೆ. ಅಗ್ಗದ ಎಲ್‌ಇಡಿಗಳು ವಿಎಚ್‌ಎಫ್ ರೇಡಿಯೋಗೆ ಗದ್ದಲವನ್ನೂ ಎಬ್ಬಿಸುತ್ತವೆ. ಎಲ್ಲರೂ ಕಿವಿಗೊಡುವ ಕರೆಯ ಚಾನೆಲ್ 16 ಹಾಕಿ, ದೀಪ ಹೊತ್ತಿಸಿ ಆರಿಸಿ ಕೇಳಿ ನೋಡಿ. ಪಕ್ಕದಲ್ಲೇ ನೌಕಾನೆಲೆ ಇರುವ ಊರು ನಮ್ಮದು, ಯಾರಾದರೂ ಕರೆದರೆ ಕೇಳಿಸಲೇಬೇಕು.

ಮರ ಮತ್ತು ಲೋಹ

ನೀರಿನೊಳಗಿನ ಲೋಹಗಳನ್ನೆಲ್ಲ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಬೆಸೆದು ಸತುವಿನ ಬಲಿತುಂಡಿಗೆ (ಉಳಿದ ಲೋಹದ ಬದಲು ತಾನು ಸವೆಯುವ ತುಂಡಿಗೆ) ಸೇರಿಸಬೇಕು ಎಂದು ಫೈಬರ್ ದೋಣಿಯವರು ಹೇಳುತ್ತಾರೆ. ಮರದ ದೋಣಿಗೆ ನಾನು ಅದನ್ನು ಒಪ್ಪುವುದಿಲ್ಲ. ಪರಿಚಯದ ಒಬ್ಬರ ಹಲಗೆ ದೋಣಿಯಲ್ಲಿ ಕಂಚಿನ ಕವಾಟದ ಸುತ್ತ ಬೆಳ್ಳಗಿನ, ಸೋಡಾಪುಡಿಯಂಥ ಪದರ ಕಟ್ಟಿತ್ತು. ಕೈಯಿಂದ ಒರೆಸಿ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಮರದೊಳಗೆ ಅರ್ಧ ಇಂಚು ಸದ್ದಿಲ್ಲದೆ ಇಳಿಯಿತು, ನೆಂದ ತೆಂಗಿನ ನಾರಿನ ಹಾಗೆ. ಹುಳವಲ್ಲ, ಕೊಳೆತವೂ ಅಲ್ಲ. ಅತಿಯಾದ ರಕ್ಷಣೆಯಿಂದ ಲೋಹದ ಬಳಿ ಕ್ಷಾರ ಹುಟ್ಟಿ ಮರದ ಕಸುವನ್ನೇ ತಿಂದಿತ್ತು. ಕಂಚು ಕಂಚಿನ ಪಾಡಿಗೆ ಒಳ್ಳೆಯ ಜಾತಿಯದಾಗಿದ್ದರೆ ಬಿಡಿ. ಬೇರೆ ಬೇರೆ ಲೋಹ ಒತ್ತಟ್ಟಿಗೆ ಬರುವಲ್ಲಿ ಮಾತ್ರ ಬಲಿತುಂಡು ಹಾಕಿ. ಕಾಳಿಯ ಹಾಗೆ ಸಿಹಿನೀರು ಉಪ್ಪುನೀರು ಬೆರೆಯುವ ಕಡೆ ಸತುವಿಗಿಂತ ಅಲ್ಯೂಮಿನಿಯಂ ಬಲಿತುಂಡು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಟರಿಯ ಕರೆಂಟು ತಳದ ನೀರಿಗೆ ಸೋರಿದರೆ ಲೋಹ ತಿಂಗಳುಗಳಲ್ಲಿ ಅಲ್ಲ, ದಿನಗಳಲ್ಲಿ ಕರಗುತ್ತದೆ. ದೋಣಿ ಬಿಡುವಾಗ ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ವೈರಿಗೆ ಮೀಟರ್ ಸೇರಿಸಿ ನೋಡಿದರೆ ಮಿಲಿಆಂಪಿಯರಿನಲ್ಲಿ ಸೋರಿಕೆ ಗೊತ್ತಾಗುತ್ತದೆ.

ಕೂವೆ ಎತ್ತುವ ಮುಂಚೆ

ಕೂವೆಯೊಳಗಿನ ವೈರು ಸಡಿಲವಿದ್ದರೆ ರಾತ್ರಿಯಿಡೀ ಟಕ್ ಟಕ್ ಎಂದು ಬಡಿಯುತ್ತದೆ. ಅರ್ಧ ಮೀಟರಿಗೊಂದರಂತೆ ಮೂರು ದಿಕ್ಕಿಗೆ ಚಾಚಿದ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಒಳಗೆ ಎಳೆಯಿರಿ, ಅವು ವೈರನ್ನು ನಡುವೆ ಹಿಡಿದಿರುತ್ತವೆ. ಜೊತೆಗೆ ಒಂದು ಖಾಲಿ ದಾರವನ್ನೂ ಎಳೆದು ಬಿಡಿ, ಮುಂದೆ ಹೊಸ ವೈರು ಒಯ್ಯಲು. ಬುಡದಲ್ಲಿ ವೈರು ಡೆಕ್ಕಿನೊಳಗೆ ಇಳಿಯುವ ಮೊದಲು ಕೆಳಮುಖವಾಗಿ ಒಂದು ಬಳುಕು ಕೊಟ್ಟು ಮತ್ತೆ ಮೇಲಕ್ಕೆತ್ತಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಮೇಲೆ ಕೂವೆ ಇನ್ನೂ ಶೆಡ್ಡಿನ ಕುದುರೆಗಳ (ಆನಿಕೆ ಕಾಲುಗಳ) ಮೇಲೆ ಅಡ್ಡ ಮಲಗಿರುವಾಗಲೇ ಬ್ಯಾಟರಿ ತಂದು ಬುಡಕ್ಕೆ ತಾಗಿಸಿ. ದೀಪ ಒಂದು ಗಂಟೆ ಉರಿಯಲಿ. ಉರಿಯುತ್ತಿರುವಾಗಲೇ ಡಬ್ಬಿಯ ಮೇಲೆ ಒಂದು ಕೊಡ ನೀರು ಸುರಿಯಿರಿ, ವೈರನ್ನು ಅಲ್ಲಾಡಿಸಿ, ತುದಿಯಲ್ಲಿ ಮೀಟರ್ ಹಿಡಿದು ವೋಲ್ಟು ಬರೆದಿಟ್ಟುಕೊಳ್ಳಿ. ಮುಂದಿನ ಅಕ್ಟೋಬರಿನಲ್ಲಿ ಕೂವೆ ಮತ್ತೆ ಅದೇ ಕುದುರೆಗಳ ಮೇಲಿರುವಾಗ ಅಳೆದು ಆ ಅಂಕಿಯ ಪಕ್ಕ ಬರೆಯಿರಿ.